ಇಳಿದ ಹೊತ್ತಿನ ಕಾಲಂ ಖಾಲಿ

ನಾವು ಇಂಗ್ಲೆಂಡಿನ ಸ್ಲೌ ಊರಿಗೆ ಬಂದ ಹೊಸದರಲ್ಲಿ ಯಾವ ವಾರ ಯಾವ ಕಸದ ಡಬ್ಬಿ ಹೊರಗಿಡಬೇಕು ಅಂತ ಹೇಳಿಕೊಟ್ಟವರು ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ. ಈಗ ಅವರಿಗೆ 88. ಹೋದ ವರ್ಷ ಒಂದು ಹಳೇ ಬಿಸ್ಕತ್ತಿನ ಡಬ್ಬ ತಂದು ಮೇಜಿನ ಮೇಲಿಟ್ಟು, "ನಿನಗೆ ಕಂಪ್ಯೂಟರ್ ಗೊತ್ತಲ್ಲ, ನಮ್ಮಣ್ಣ ಎಲ್ಲಿದ್ದಾನೆ ನೋಡಿ ಹೇಳು" ಅಂದರು. ಅಣ್ಣ 20ರ ಹುಡುಗ, ಬಾಂಬರ್ ವಿಮಾನದ ಬಾಲದಲ್ಲಿ ಕೂರುವ ಗನ್ನರ್. 1943ರ ಡಿಸೆಂಬರಿನಲ್ಲಿ ಬರ್ಲಿನ್ ಕಡೆ ಹೊರಟ ಅವನ ಲ್ಯಾಂಕಾಸ್ಟರ್ ಬಾಂಬರ್ ವಾಪಸ್ ಬರಲಿಲ್ಲ. ವಿಮಾನವೂ ಸಿಗಲಿಲ್ಲ, ಹೆಣವೂ ಸಿಗಲಿಲ್ಲ.

ಡಬ್ಬದಲ್ಲಿ ಪದಕಗಳಿದ್ದವು. ಅಂಚಿನಲ್ಲಿ ಹೆಸರು ಕೆತ್ತಿರುತ್ತಾರೆ ಅಂತ ಭೂತಗನ್ನಡಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಏನೂ ಇಲ್ಲ. ಮೊದಲ ಮಹಾಯುದ್ಧದ ಪದಕಗಳಲ್ಲಿ ಹೆಸರಿರುತ್ತದೆ. ಎರಡನೆಯದರಲ್ಲಿ ಬ್ರಿಟಿಷ್ ಸರ್ಕಾರ ಬರೀ ಪದಕ ಕೊಟ್ಟು ಕೈ ತೊಳೆದುಕೊಂಡಿತು. ಕೊನೆಗೆ ಕೆಲಸಕ್ಕೆ ಬಂದದ್ದು ಅವರ ತಂದೆಗೆ ಬಂದಿದ್ದ ಸರ್ಕಾರಿ ಕಾಗದ. ಅದರಲ್ಲಿ ಹುಡುಗನ ಸರ್ವೀಸ್ ನಂಬರ್ ಇತ್ತು. ಅದಕ್ಕೂ ಮೊದಲು ಹೆಸರು ಹಾಕಿ ಹುಡುಕಿ, ಅದೇ ಹೆಸರಿನ ಬೇರೆ ಯಾರದೋ ಹಿಂದೆ ಎರಡು ವಾರ ಅಲೆದಿದ್ದೆ. ನೀವು ಹುಡುಕುವುದಾದರೆ ನಂಬರಿನಿಂದ ಶುರು ಮಾಡಿ.

ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಜಾಲತಾಣದಲ್ಲಿ ನಂಬರ್ ಹಾಕಿದ ಕೂಡಲೇ ಉತ್ತರ ಬಂತು: ರನ್ನಿಮೀಡ್ ಸ್ಮಾರಕ, ಇಂಥ ಫಲಕ. ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಯೂ ಇಲ್ಲ! ಅಣ್ಣನ ಹೆಸರು ಇಷ್ಟು ಹತ್ತಿರದಲ್ಲಿದೆ ಅಂತ ಅಜ್ಜಿಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಅಣ್ಣನ ಸ್ಕ್ವಾಡ್ರನ್ನಿನ, ಅಂದರೆ ವಾಯುಪಡೆಯ ತುಕಡಿಯ, ದಿನಚರಿ. ಇವು ಲಂಡನ್ನಿನ ಕ್ಯೂ ಅನ್ನುವ ಜಾಗದಲ್ಲಿರುವ ರಾಷ್ಟ್ರೀಯ ದಾಖಲಾಗಾರದಲ್ಲಿ ಏರ್ 27 ಅನ್ನುವ ಸರಣಿಯಲ್ಲಿವೆ. ಒಂದೊಂದು ವಿಮಾನಕ್ಕೆ ಒಂದೊಂದು ಸಾಲು: ಸಿಬ್ಬಂದಿಯ ಏಳು ಹೆಸರು, ಹಾರಿದ ಹೊತ್ತು, ಇಳಿದ ಹೊತ್ತು. ಮೇಲಿನ ಸಾಲಿನವರು ಇಳಿದಿದ್ದಾರೆ, ಕೆಳಗಿನವರೂ ಇಳಿದಿದ್ದಾರೆ. ನಡುವೆ ಇವರ ಕಾಲಂ ಖಾಲಿ. ಟೈಪ್‌ರೈಟರಿನವನು ಒಂದು ಗೆರೆ ಕೂಡ ಎಳೆದಿರಲಿಲ್ಲ. ಆ ಹಾಳೆಯ ಪ್ರಿಂಟ್ ತೆಗೆದುಕೊಂಡೆ.

ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡಿನಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ ಸತ್ತವರು 55,573. ಎಲ್ಲರೂ ತಾವಾಗಿಯೇ ಮುಂದೆ ಬಂದವರು. "ಕೆಳಗೆ ಬರ್ಲಿನ್ನಿನಲ್ಲೂ ಆರು ವರ್ಷದ ತಂಗಿಯರು ಇದ್ದರಲ್ಲ" ಅಂತ ಅಜ್ಜಿಯೇ ಒಮ್ಮೆ ಅಂದರು. ನಾನು ಏನೂ ಹೇಳಲಿಲ್ಲ.

ರನ್ನಿಮೀಡ್ ಸ್ಮಾರಕ ಥೇಮ್ಸ್ ದಂಡೆಯ ಗುಡ್ಡದ ಮೇಲಿದೆ, 1953ರಲ್ಲಿ ರಾಣಿ ಎಲಿಜಬೆತ್ ಉದ್ಘಾಟಿಸಿದ್ದು. ಸಮಾಧಿಯಿಲ್ಲದ 20,000ಕ್ಕೂ ಹೆಚ್ಚು ವೈಮಾನಿಕರ ಹೆಸರುಗಳನ್ನು ಕಿರಿದಾದ ಕಿಟಕಿಗಳ ಒಳಬದಿಯ ಕಲ್ಲಿನ ಮೇಲೆ ಕೆತ್ತಿದ್ದಾರೆ. ಫೋಟೋದಲ್ಲಿ ಬಿಳಿ ಕಲ್ಲು ಬಿಟ್ಟರೆ ಬೇರೇನೂ ಬರಲಿಲ್ಲ. ಮೊಬೈಲಿನ ಟಾರ್ಚನ್ನು ಕಲ್ಲಿಗೆ ತಾಗಿಸಿದಂತೆ ಪಕ್ಕದಿಂದ ಹಿಡಿದಾಗ ಅಕ್ಷರಗಳು ಎದ್ದು ಬಂದವು. ಸೀಮೆಸುಣ್ಣ ಹಚ್ಚುವ ಕೆಲಸ ಮಾತ್ರ ಬೇಡ, ಕಲ್ಲು ಹಾಳಾಗುತ್ತದೆ. ಅಲ್ಲೇ ನೂರ್ ಇನಾಯತ್ ಖಾನ್ ಹೆಸರೂ ಇದೆ. ನಮ್ಮ ಟಿಪ್ಪುವಿನ ವಂಶದವರು, ಬ್ರಿಟನ್ನಿಗಾಗಿ ಫ್ರಾನ್ಸಿನಲ್ಲಿ ಗುಪ್ತವಾಗಿ ವೈರ್‌ಲೆಸ್ ನಡೆಸಿ 1944ರಲ್ಲಿ ನಾಜಿಗಳ ಡಾಕಾವ್ ಶಿಬಿರದಲ್ಲಿ ಸತ್ತವರು. ಅವರಿಗೂ ಸಮಾಧಿಯಿಲ್ಲ.

ಅಜ್ಜಿ ಅಣ್ಣನ ಹೆಸರಿನ ಮೇಲೆ ಬೆರಳಾಡಿಸಿ, ತಂದಿದ್ದ ಒಂದೇ ಒಂದು ಪಾಪಿ ಹೂವಿನ ಶಿಲುಬೆ ಇಟ್ಟರು. ಯುದ್ಧದಲ್ಲಿ ಸತ್ತವರ ನೆನಪಿಗೆ ಇಲ್ಲಿ ಇಡುವ, ಕೆಂಪು ಹೂವಿನ ಪುಟ್ಟ ಶಿಲುಬೆ ಅದು. ಆಮೇಲೆ ಆಚೀಚೆ ನೋಡಿ, "ಉಳಿದವರು?" ಅಂದರು. ನನಗದು ಹೊಳೆದೇ ಇರಲಿಲ್ಲ. ಇಲ್ಲಿ ಹೆಸರುಗಳು ವರ್ಷ ಮತ್ತು ದರ್ಜೆಯ ಪ್ರಕಾರ. ಒಂದೇ ವಿಮಾನದಲ್ಲಿ ಒಟ್ಟಿಗೆ ಹೋದವರನ್ನು ಕಲ್ಲಿನಲ್ಲಿ ಬೇರೆ ಬೇರೆ ಮಾಡಿಬಿಟ್ಟಿದ್ದಾರೆ, ಸಾರ್ಜೆಂಟ್ ಇಲ್ಲಿ, ಅಧಿಕಾರಿ ಅಲ್ಲಿ. ಬ್ಯಾಗಿನಿಂದ ಆ ಹಾಳೆ ತೆಗೆದು ಒಬ್ಬೊಬ್ಬರನ್ನೇ ಹುಡುಕುತ್ತಾ ಹೋದೆವು. ಒಂದು ಗಂಟೆಗೂ ಮೇಲೆ ಹಿಡಿಯಿತು. ಪ್ರತಿ ಹೆಸರು ಸಿಕ್ಕಾಗಲೂ ಅಜ್ಜಿ ಜೋರಾಗಿ ಓದಿ, ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದರು. ನ್ಯಾವಿಗೇಟರನ ಫಲಕದ ಕೆಳಗೆ ಆಗಲೇ ಒಂದು ಶಿಲುಬೆ ಇತ್ತು. ಅದರ ಮೇಲೆ ಅವನದೇ ಹೆಸರು.

ಈ ನವೆಂಬರಿನ ಸ್ಮರಣೆಯ ದಿನಕ್ಕೆ ಎಷ್ಟು ಶಿಲುಬೆ ತರಲಿ ಅಂತ ಕೇಳಿದೆ. "ಆರು ಸಾಕು, ನ್ಯಾವಿಗೇಟರಿಗೆ ಯಾರೋ ಇದ್ದಾರೆ" ಅಂದರು. ಗೇಟಿನ ತನಕ ಹೋದವರು ತಿರುಗಿ ನೋಡಿ, "ಬೇಡ, ಏಳೇ ತಾ" ಅಂದರು.