ಹಾಲಿನ ಕ್ಯಾನಿನ ಹಿಡಿಯೇ ಆಂಟೆನಾ ಆಯ್ತು

"ಏನ್ರೀ, ಅಲ್ಯೂಮಿನಿಯಂ ಕ್ಯಾನು, ಒಳಗೆ ಹಾಲು. ಅದರ ಮೇಲೆ ಯುಎಚ್‌ಎಫ್ ಟ್ಯಾಗ್ ಓದಿಸ್ತೀನಿ ಅಂತೀರಾ? ಸುಮ್ನೆ ಬಾರ್‌ಕೋಡ್ ಅಂಟಿಸ್ರೀ." ಪ್ರಾಜೆಕ್ಟ್ ಮಂಡಿಸಿದ ದಿನ ನಮ್ಮ ವಿಭಾಗದ ಹಿರಿಯರೊಬ್ಬರು ಹೇಳಿದ ಮಾತಿದು. ಯುಎಚ್‌ಎಫ್ ಟ್ಯಾಗ್ ಅಂದರೆ ರೇಡಿಯೋ ಅಲೆ ತಾಗಿದರೆ ತನ್ನ ಗುರುತಿನ ನಂಬರನ್ನು ದೂರದ ರೀಡರಿಗೆ ಹೇಳುವ ಚಿಪ್ಪು, ಜೊತೆಗೊಂದು ಪುಟ್ಟ ಆಂಟೆನಾ. ಡೇರಿಯ ಪ್ರತಿ ಕ್ಯಾನನ್ನೂ ಅದರಿಂದ ಗುರುತಿಸೋದು ನಮ್ಮ ಪ್ರಾಜೆಕ್ಟ್. ಲೋಹ, ಹಾಲು ಎರಡೂ ಆ ಅಲೆಯನ್ನು ಕೆಡಿಸುತ್ತವೆ ಅನ್ನೋದು ಹಿರಿಯರ ಭಯ. ಅವರಿಗೆ ಬೇಜಾರಾಗಬಾರದು ಅಂತ ಮೊದಲು ಬಾರ್‌ಕೋಡನ್ನೇ ಅಂಟಿಸಿ ನೋಡಿದೆವು. ಡೇರಿಯಲ್ಲಿ ಕಾಸ್ಟಿಕ್ ಸೋಡಾ ಬಿಸಿನೀರು, ಆಮೇಲೆ ಹಬೆ. ಒಂದು ವಾರಕ್ಕೆ ಸ್ಟಿಕ್ಕರ್ ಇದ್ದ ಗುರುತೂ ಉಳಿಯಲಿಲ್ಲ.

ಕಾಲೇಜಿನಿಂದ ಸಿಕ್ಕಿದ್ದು 40 ಸಾವಿರ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿದ ರೀಡರ್ ಒಂದಕ್ಕೇ ಸುಮಾರು 28 ಸಾವಿರ ಹೋಯ್ತು. ತಂದು ಹಚ್ಚಿದರೆ ಅರ್ಧ ಮೀಟರಿಗಿಂತ ಆಚೆ ಏನೂ ಓದಲ್ಲ. ಮೂರು ವಾರ ಕೇಬಲ್ ಬದಲಿಸಿದೆವು, ಆಂಟೆನಾ ಬದಲಿಸಿದೆವು, ಟ್ಯಾಗನ್ನು ಬೈದೆವು. ಕೊನೆಗೆ ಸೆಟ್ಟಿಂಗ್ಸ್ ತೆಗೆದು ನೋಡಿದರೆ ಅದು ಅಮೆರಿಕದ 902-928 ಮೆಗಾಹರ್ಟ್ಸ್‌ನಲ್ಲಿ ಕೂತಿತ್ತು! ನಾವು ಟ್ಯಾಗ್ ವಿನ್ಯಾಸ ಮಾಡಿದ್ದು ಇಲ್ಲಿನ 865-868ಕ್ಕೆ. ಪಾಠ ಮಾಡೋ ನಾನೇ ಹೀಗೆ ಎಡವಿದ್ದನ್ನು ಹುಡುಗರು ಇನ್ನೂ ಮರೆತಿಲ್ಲ.

ಮೊದಲ ವಿನ್ಯಾಸ ಎಲ್ಲರೂ ಮಾಡುವಂಥದ್ದೇ. ಎಫ್‌ಆರ್4 (ಸರ್ಕ್ಯೂಟ್ ಬೋರ್ಡಿನ ಹಲಗೆ) ಮೇಲೆ ಅಂಕುಡೊಂಕಾಗಿ ಮಡಚಿದ ಮಿಯಾಂಡರ್ ಲೈನ್ ಆಂಟೆನಾ, ಅದನ್ನು ಚಿಪ್ಪಿಗೆ ಹೊಂದಿಸೋಕೆ ಟಿ-ಮ್ಯಾಚ್, ಕೆಳಗೆ ಐದು ಮಿಲಿಮೀಟರ್ ಫೋಮ್. ಲ್ಯಾಬಿನಲ್ಲಿ ಎರಡು ಮೀಟರ್ ದಾಟಿತು, ಖುಷಿಯೋ ಖುಷಿ. ಡೇರಿಯಲ್ಲಿ ಎರಡನೇ ತೊಳೆತಕ್ಕೇ ಫೋಮ್ ನೀರು ಕುಡಿದು ಉಬ್ಬಿತು, ರೆಸೊನೆನ್ಸ್, ಅಂದರೆ ಆಂಟೆನಾ ಚೆನ್ನಾಗಿ ಸ್ಪಂದಿಸುವ ಫ್ರೀಕ್ವೆನ್ಸಿ, ಎಲ್ಲಿಗೋ ಜಾರಿತು. ಎಪಾಕ್ಸಿ ಸುರಿದು ಮುಚ್ಚಿದರೆ ಅಂಚಿನಲ್ಲಿ ಬಿರುಕು. ಮಾರುಕಟ್ಟೆಯಲ್ಲಿ ಸಿಗುವ ಲೋಹದ ಮೇಲಿನ ಟ್ಯಾಗ್ ಬಾಳಿಕೆ ಬರುತ್ತೆ, ನಿಜ. ಆದರೆ ನಮಗೆ ಹೇಳಿದ ಬೆಲೆ ಒಂದಕ್ಕೆ 140 ರೂಪಾಯಿ. ಸೊಸೈಟಿ ಕಾರ್ಯದರ್ಶಿ ಕೇಳಿದ ತಕ್ಷಣ, "ಅಷ್ಟು ದುಡ್ಡಿಗೆ ಒಂದು ಮುಚ್ಚಳವೇ ಬರುತ್ತಲ್ಲ ಮೇಷ್ಟ್ರೇ" ಅಂದರು.

ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ನಮ್ಮ ಫೈನಲ್ ಇಯರ್ ಹುಡುಗಿಯೊಬ್ಬಳು ಒಡವೆಗೆ ಹಾಕುವ ಥರದ ಪುಟ್ಟ ಲೂಪ್ ಇನ್‌ಲೇಯನ್ನು ಕೈಯಲ್ಲಿಟ್ಟುಕೊಂಡಿದ್ದಳು. ಎಂಟಾಣೆ ನಾಣ್ಯಕ್ಕಿಂತ ಚಿಕ್ಕದು, ಬರೀ ಒಂದು ಲೂಪು, ಒಂದು ಚಿಪ್ಪು. ಬಿಡಿಯಾಗಿ ಹಿಡಿದರೆ ಒಂದು ಗೇಣು ಓದಿದರೆ ಹೆಚ್ಚು. ಊಟಕ್ಕೆ ಹೋಗುವಾಗ ಅದನ್ನು ಕ್ಯಾನಿನ ಹಿಡಿಯ ಮೂಲೆಗೆ ಅಂಟಿಸಿ ಹೋದಳು. ರೀಡರ್ ಆಫ್ ಮಾಡಿರಲಿಲ್ಲ. ಬಾಗಿಲ ಹತ್ತಿರದ ಆಂಟೆನಾದಿಂದ ಟೇಬಲ್ ಮೇಲಿನ ಕ್ಯಾನಿಗೆ ಮೂರು ಮೀಟರ್ ಇರಬಹುದು, ಬೀಪ್ ಬೀಪ್ ಅಂತ ನಿಲ್ಲದೆ ಹೊಡೆದುಕೊಳ್ಳುತ್ತಿತ್ತು.

ಹಿಡಿಗೂ ಕ್ಯಾನಿನ ಮೈಗೂ ನಡುವಿನ ಸಂದು ಸ್ಲಾಟ್ ಆಂಟೆನಾ (ಲೋಹದ ನಡುವಿನ ಸೀಳೇ ಆಂಟೆನಾ ಆಗುವಂಥದ್ದು) ಆಗಿತ್ತು, ಲೂಪ್ ಅದನ್ನು ಫೀಡ್ ಮಾಡುತ್ತಿತ್ತು, ಅಂದರೆ ಚಿಪ್ಪಿಗೂ ಅದಕ್ಕೂ ಕೊಂಡಿಯಾಗಿತ್ತು. ಈ ಫ್ರೀಕ್ವೆನ್ಸಿಯಲ್ಲಿ ಅರ್ಧ ತರಂಗಾಂತರ 17 ಸೆಂಟಿಮೀಟರ್ ಚಿಲ್ಲರೆ. ಪುಣ್ಯಕ್ಕೆ ನಮ್ಮ ಹಿಡಿಯ ಸಂದು ಅದರ ಆಸುಪಾಸಿನಲ್ಲೇ ಇತ್ತು. ಒಳಗೆ ಹಾಲಿದೆಯೋ ಖಾಲಿಯೋ ಅನ್ನೋದು ಲೆಕ್ಕಕ್ಕೇ ಬರಲಿಲ್ಲ, ಕ್ಯಾನಿನ ಲೋಹವೇ ಅದನ್ನು ಮರೆ ಮಾಡುತ್ತೆ. ಹಿರಿಯರು ಹೆದರಿಸಿದ ಎರಡರಲ್ಲಿ ಒಂದು ಶತ್ರುವೇ ಅಲ್ಲ, ಇನ್ನೊಂದು ನಮ್ಮ ಕಡೆಗೇ ಬಂತು.

ಲೂಪನ್ನು ಮೂಲೆಯಿಂದ ಎಷ್ಟು ಮಿಲಿಮೀಟರ್ ದೂರ, ಯಾವ ಓರೆಯಲ್ಲಿ ಕೂರಿಸಬೇಕು ಅನ್ನೋದನ್ನು ಇಲ್ಲಿ ಹೇಳಲ್ಲ. ಪೇಟೆಂಟ್ ಅರ್ಜಿ ತಯಾರಾಗುತ್ತಿದೆ, ತಪ್ಪು ತಿಳಿಯಬೇಡಿ. ಎರಡು ಮಿಲಿಮೀಟರ್ ಸರಿದರೂ ಓದುವ ಅಂತರ ಅರ್ಧಕ್ಕೆ ಇಳಿಯುತ್ತೆ ಅಂತ ಮಾತ್ರ ಹೇಳಬಲ್ಲೆ. ಯಾವ ಅಂಟು ಅನ್ನೋದೂ ಗುಟ್ಟು. ಅದನ್ನು ತಿಳಿದದ್ದು ಎಂಜಿನಿಯರುಗಳಿಂದಲ್ಲ, ಬೋರ್‌ವೆಲ್ ಪಂಪ್ ರಿಪೇರಿ ಮಾಡುವವರೊಬ್ಬರಿಂದ.

ತಾಪತ್ರಯ ಅಲ್ಲಿಗೇ ಮುಗಿಯಲಿಲ್ಲ. ಹಮಾಲಿ ಒದ್ದೆ ಕೈಯಲ್ಲಿ ಆ ಹಿಡಿಯನ್ನೇ ಹಿಡಿದರೆ ಟ್ಯಾಗ್ ಸತ್ತಂತೆ. ಟ್ಯಾಗ್ ಇರುವ ಹಿಡಿ ಆ ಕಡೆ ತಿರುಗಿದರೆ ಕ್ಯಾನೇ ಅಡ್ಡ. ಕ್ಯಾನ್ ಕೆಳಗಿಟ್ಟ ಮೇಲೆ ಉರುಳುವ ರೋಲರ್ ಸಾಲಿನ ಎರಡೂ ಬದಿಗೆ ಒಂದೊಂದು ಸರ್ಕ್ಯುಲರ್ ಪೋಲರೈಸ್ಡ್ ಆಂಟೆನಾ (ಟ್ಯಾಗ್ ಅಡ್ಡಕ್ಕಿದ್ದರೂ ಉದ್ದಕ್ಕಿದ್ದರೂ ಓದುವಂಥದ್ದು) ಹಾಕಿದ ಮೇಲೆ ಎರಡೂ ಸರಿಹೋಯ್ತು. ಆಗ ಇನ್ನೊಂದು ಕಾಟ. ಲಾರಿಯ ಮೇಲಿನ ಕ್ಯಾನುಗಳೂ ಓದತೊಡಗಿದವು. ಓದಿಸೋಕೆ ಆರು ತಿಂಗಳು ಒದ್ದಾಡಿದ್ದೆವು, ಈಗ ಓದದಂತೆ ಮಾಡೋಕೆ ಒಂದು ತಿಂಗಳು! ಪವರ್ ಇಳಿಸಿ, ಸಿಗ್ನಲ್ ಬಲದ ಮೇಲೆ ಸೋಸಿ ದುರ್ಬಲವಾದದ್ದನ್ನು ಬಿಟ್ಟೆವು.

ನಡುವೆ ರಾಗಿ ಚೀಲದ ಹುಚ್ಚೂ ಹತ್ತಿತ್ತು. ರಾಗಿಯೊಳಗೆ ಟ್ಯಾಗ್ ಹೂತಿಟ್ಟರೆ, ತೇವ ಹೆಚ್ಚಿದಷ್ಟೂ ಅದನ್ನು ಎಬ್ಬಿಸಲು ಜಾಸ್ತಿ ಪವರ್ ಬೇಕು. ಒಣಗಿದ್ದು, ಒದ್ದೆಯಾದದ್ದು ಬೇರೆ ಬೇರೆ ಗೊತ್ತಾಗುತ್ತೆ. ಶೇಕಡಾ ಎಷ್ಟು ಅಂತ ಹೇಳೋಕೆ ಆಗಲಿಲ್ಲ, ಚೀಲ ಸ್ವಲ್ಪ ಅಲುಗಾಡಿದರೂ ಅಂಕಿ ಬದಲಾಗುತ್ತಿತ್ತು. ಮನೆಯಲ್ಲಿ ಆ ಹತ್ತು ಕೇಜಿ ರಾಗಿಯ ಮುದ್ದೆ ತಿಂದು ಮುಗಿಸಿದೆವು.

ಈಗಿನ ಲೆಕ್ಕ ಇಷ್ಟು. ಇನ್‌ಲೇ ಏಳೆಂಟು ರೂಪಾಯಿ, ಅಂಟು, ಕವಚ ಸೇರಿ ಒಂದು ಟ್ಯಾಗಿಗೆ 18ರ ಹತ್ತಿರ. ನನ್ನ ಕೈಯಿಂದ ಹೋದದ್ದು 22 ಸಾವಿರ ಇರಬಹುದು, ಮನೆಯಲ್ಲಿ ಹೇಳಿದ್ದು 10. ನಾಲ್ಕು ತಿಂಗಳಿಂದ 60 ಕ್ಯಾನುಗಳು ದಿನಾ ಎರಡು ಹೊತ್ತು ಓಡಾಡುತ್ತಿವೆ. ಸತ್ತದ್ದು ಮೂರು ಟ್ಯಾಗ್. ಎರಡು ಲಾರಿಯಿಂದ ಬಿದ್ದ ಕ್ಯಾನಿನವು. ಮೂರನೆಯದನ್ನು ಒಳಗೆ ಏನಾಗಿದೆ ಅಂತ ನೋಡೋಕೆ ನಾವೇ ಕೊಯ್ದೆವು. ಏನೂ ಆಗಿರಲಿಲ್ಲ.