ಕಂಬಳದ ಫೋಟೊಗೆ ಝೂಮ್ ಲೆನ್ಸೋ ಪ್ರೈಮೋ? ಮೊದಲು ನಿಲ್ಲುವ ಜಾಗ ಹೇಳಿ

ನವೆಂಬರ್ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. “ಅಣ್ಣಾ, 70-200 ತೆಗೆದುಕೊಳ್ಳುವುದಾ, 300 ಪ್ರೈಮಾ?” ಕೇಳುವವರು ಹೆಚ್ಚಾಗಿ ಮದುವೆ ಸ್ಟುಡಿಯೊದ ಹುಡುಗರು. ಕೈಯಲ್ಲಿ ಒಳ್ಳೆಯ ಕ್ಯಾಮೆರಾ ಬಾಡಿ ಇದೆ, ದುಡ್ಡು ಒಂದು ಲೆನ್ಸಿಗೆ ಮಾತ್ರ ಇದೆ. ನಾನೂ ಹಾಗೇ ಶುರು ಮಾಡಿದವನು, ಆ ದುಡ್ಡು ಕೂಡಿಸಲು ಎಷ್ಟು ಮದುವೆ ತೆಗೆಯಬೇಕೆಂದು ಗೊತ್ತು. ಅದಕ್ಕೇ ಲೆನ್ಸಿನ ಹೆಸರು ಹೇಳುವ ಮೊದಲು ತಿರುಗಿ ಕೇಳುತ್ತೇನೆ: “ಕರೆಯ ಯಾವ ಕಡೆ ನಿಲ್ಲುತ್ತೀಯ?” ಕರೆ ಎಂದರೆ ಕೋಣಗಳು ಓಡುವ ಕೆಸರಿನ ಹಾದಿ.

ಝೂಮ್ ಎಂದರೆ ತಿರುಗಿಸಿದರೆ ದೂರ ಹತ್ತಿರ ಆಗುವ ಲೆನ್ಸ್, ಪ್ರೈಮ್ ಎಂದರೆ ಒಂದೇ ಫೋಕಲ್ ಲೆಂತ್‌ಗೆ ಕಟ್ಟುಬಿದ್ದದ್ದು. ಫೋಕಲ್ ಲೆಂತ್ ಎಂದರೆ ಲೆನ್ಸಿನ ಮೇಲೆ 70, 200, 300 ಎಂದು ಎಂಎಂನಲ್ಲಿ ಬರೆದಿರುವ ಅಳತೆ, ಹೆಚ್ಚಾದಷ್ಟು ದೂರದ್ದು ದೊಡ್ಡದಾಗಿ ಕಾಣುತ್ತದೆ. ಇದು ಎಲ್ಲರಿಗೂ ಗೊತ್ತು. ನಾವು ನಿಂತ ಜಾಗಕ್ಕೂ ಆಟಕ್ಕೂ ನಡುವಿನ ದೂರ ಎಷ್ಟು ಬದಲಾಗುತ್ತದೆ ಎಂಬುದನ್ನು ಮಾತ್ರ ಹೆಚ್ಚಿನವರು ಲೆಕ್ಕ ಹಾಕುವುದೇ ಇಲ್ಲ.

ಮಂಜೊಟ್ಟಿಯಲ್ಲಿ, ಅಂದರೆ ಓಟ ಮುಗಿಯುವ ತುದಿಯಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಕೋಣಗಳು ನೇರ ನಿಮ್ಮ ಕಡೆಗೇ ಬರುತ್ತವೆ. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಕಂಬಳ ಓಟಗಾರ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರಲ್ಲ, ಸೆಕೆಂಡಿಗೆ ಹತ್ತು ಮೀಟರಿಗಿಂತ ಹೆಚ್ಚಾಯಿತು. ಅಷ್ಟು ವೇಗದಲ್ಲಿ ದೂರ ಕರಗುತ್ತದೆ.

ಒಂದು ಸಣ್ಣ ಲೆಕ್ಕ ಬಾಯಿಪಾಠ ಮಾಡಿಕೊಳ್ಳಿ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ, ಅಂದರೆ ಸೆನ್ಸರ್ 36 ಎಂಎಂ ಅಗಲ ಇರುವುದರಲ್ಲಿ, ದೂರವನ್ನು ಮೀಟರಿನಲ್ಲಿ ತೆಗೆದುಕೊಂಡು 36ರಿಂದ ಗುಣಿಸಿ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಅಡ್ಡ ಫ್ರೇಮಿನಲ್ಲಿ ಎಷ್ಟು ಮೀಟರ್ ಅಗಲ ಹಿಡಿಸುತ್ತದೆ ಎಂದು ಸಿಗುತ್ತದೆ. ಸೆನ್ಸರ್ ಸಣ್ಣದಿರುವ ಕ್ರಾಪ್ ಬಾಡಿಯಾದರೆ 36ರ ಬದಲು ಕ್ಯಾನನ್‌ಗೆ 22, ನಿಕಾನ್‌ಗೆ 23.5 ಹಾಕಿ. 400 ಎಂಎಂ ಪ್ರೈಮ್‌ನಲ್ಲಿ ನೂರು ಮೀಟರ್ ದೂರದ ಜೋಡಿಗೆ 9 ಮೀಟರ್ ಅಗಲದ ಫ್ರೇಮ್, ಆರಾಮ. ಐವತ್ತು ಮೀಟರಿಗೆ ಬಂದಾಗ ನಾಲ್ಕೂವರೆ, ಇದು ಚೆಂದದ ಫ್ರೇಮ್. ಇಪ್ಪತ್ತು ಮೀಟರಿಗೆ ಬಂದಾಗ 1.8 ಮೀಟರ್. ಅಲ್ಲಿ ಒಂದು ಕೋಣದ ಮುಖ, ಇನ್ನೊಂದರ ಅರ್ಧ ಕೊಂಬು, ಅಷ್ಟೆ. ಓಟಗಾರ ಬಾಯಿ ತೆರೆದು ಕೂಗುತ್ತಾ ಕೊನೆಯ ಜೋರು ಹಾಕುವುದು ಆ ಇಪ್ಪತ್ತು ಮೀಟರಿನಲ್ಲೇ.

ಈಗ 70-200 ತೆಗೆದುಕೊಳ್ಳಿ. 43 ಮೀಟರಿನಲ್ಲಿ 200ರ ತುದಿ, 15 ಮೀಟರಿನಲ್ಲಿ 70ರ ತುದಿ. ಎರಡೂ ಕಡೆ ಫ್ರೇಮಿನ ಅಗಲ ಒಂದೇ, ಸುಮಾರು ಏಳೂಮುಕ್ಕಾಲು ಮೀಟರ್. ಅಂದರೆ ರಿಂಗ್ ತಿರುಗಿಸುತ್ತಾ ಹೋದರೆ ಎರಡೂವರೆ ಸೆಕೆಂಡಿಗೂ ಹೆಚ್ಚು ಕಾಲ ಜೋಡಿ, ಓಟಗಾರ, ಎದ್ದ ನೀರು ಎಲ್ಲವೂ ಒಂದೇ ಗಾತ್ರದಲ್ಲಿ ನಿಮ್ಮ ಕೈಯಲ್ಲಿರುತ್ತವೆ. ಸೆಕೆಂಡಿಗೆ ಹತ್ತು ಫ್ರೇಮ್ ಹೊಡೆಯುವ ಬಾಡಿಯಲ್ಲಿ ಇಪ್ಪತ್ತೈದು ಚಿತ್ರ. ಕಂಬಳದ ವೇಗದ ಓಟಗಳಾದ ಹಗ್ಗ, ನೇಗಿಲು ವಿಭಾಗಗಳನ್ನು ಮಂಜೊಟ್ಟಿಯಿಂದ ತೆಗೆಯುವವನಿಗೆ ನಾನು ಕಣ್ಣು ಮುಚ್ಚಿ 70-200 ಎಫ್ 2.8 ಎನ್ನುತ್ತೇನೆ. ಎಫ್ 4 ಅಲ್ಲ. ಎಫ್‌ನ ಅಂಕೆ ಕಡಿಮೆಯಾದಷ್ಟು ಲೆನ್ಸಿನೊಳಗೆ ಬೆಳಕು ಹೆಚ್ಚು. ಯಾಕೆಂದು ರಾತ್ರಿಯ ಮಾತು ಬಂದಾಗ ಹೇಳುತ್ತೇನೆ.

ಇಲ್ಲಿ ಫೋಟೊಗಿಂತ ಮುಖ್ಯವಾದದ್ದು ಒಂದಿದೆ. ಉದ್ದದ ಪ್ರೈಮ್‌ನಲ್ಲಿ ಕಣ್ಣಿಟ್ಟರೆ ದೂರದ ಅಂದಾಜು ತಪ್ಪುತ್ತದೆ. ಒಂದು ಕಂಬಳದಲ್ಲಿ ಬಾಡಿಗೆಗೆ ತಂದ 400 ಹಿಡಿದು ಮಂಜೊಟ್ಟಿಯ ಅಂಚಿನಲ್ಲಿ ಕೂತಿದ್ದೆ. ಲೆನ್ಸಿನೊಳಗೆ ಕೋಣಗಳು ಓಡುತ್ತಲೇ ಇದ್ದವು, ಹತ್ತಿರ ಬಂದಂತೆ ಅನಿಸಲೇ ಇಲ್ಲ. ಒಮ್ಮೆಲೇ ಫ್ರೇಮ್ ತುಂಬ ಕಪ್ಪು. ಹಿಂದಿದ್ದ ಹಿರಿಯರೊಬ್ಬರು ಅಂಗಿಯ ಕಾಲರ್ ಹಿಡಿದು ಎಳೆದರು. ಕೋಣದ ಹೆಗಲು ಲೆನ್ಸಿನ ಮುಂದಿನ ಹುಡ್‌ಗೆ ತಾಗಿ ಹೋಯಿತು, ಕೆಸರಿನ ಬಿಸಿ ವಾಸನೆ ಮುಖಕ್ಕೇ ಬಡಿಯಿತು. ಆ ದಿನದಿಂದ ನೇರ ಎದುರಿಗೆ ನಿಂತು ಪ್ರೈಮ್ ಹಿಡಿದಿಲ್ಲ. ನೀವೂ ಹಿಡಿಯಬೇಡಿ. ಎರಡು ಕಣ್ಣೂ ತೆರೆದಿಟ್ಟು ತೆಗೆಯುವುದನ್ನು ಅಭ್ಯಾಸ ಮಾಡಿ, ರಿಂಗ್ 70ಕ್ಕೆ ಮುಟ್ಟಿತೆಂದರೆ ಏಳುವ ಹೊತ್ತು ಎಂದು ತಿಳಿಯಿರಿ.

ಹಾಗಾದರೆ ಪ್ರೈಮ್ ಬೇಡವೇ? ಬೇಕು, ಕನೆಹಲಗೆಗೆ ಬೇಕೇ ಬೇಕು. ತೂತಿರುವ ಹಲಗೆಯ ಮೇಲೆ ನಿಂತು ಕೋಣ ಓಡಿಸುವ ಈ ವಿಭಾಗದಲ್ಲಿ ಓಟದ ವೇಗ ಮುಖ್ಯವಲ್ಲ, ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಗೆ ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ನಿಶಾನೆಯ ಎತ್ತರ ಹೇಳುತ್ತಾರಲ್ಲ, ಆ ಬಟ್ಟೆ ಎಲ್ಲಿಗೂ ಓಡಿಹೋಗುವುದಿಲ್ಲ. ಕೋಣವೇ ಅಲ್ಲಿಗೆ ಬರಬೇಕು. ದೂರ ಮೊದಲೇ ಗೊತ್ತು, ಹಾಗಾಗಿ ಝೂಮ್‌ಗೆ ಅಲ್ಲಿ ಕೆಲಸ ಕಡಿಮೆ. ಬದಿಯಿಂದ ಮೂವತ್ತು ಮೀಟರ್ ದೂರ ಸಿಕ್ಕಿದರೆ 135 ಎಂಎಂ ಪ್ರೈಮ್ ಅನ್ನು ಉದ್ದಕ್ಕೆ ಹಿಡಿಯಿರಿ: ಎಂಟು ಮೀಟರ್ ಎತ್ತರ ಹಿಡಿಸುತ್ತದೆ. ಹಲಗೆಯ ಮೇಲೆ ನಿಂತವನು, ನೀರಿನ ಕಂಬ, ನಿಶಾನೆ ಎಲ್ಲವೂ ಒಂದರಲ್ಲೇ ಬರುತ್ತವೆ. ಓಟ ಶುರುವಾಗುವ ಮೊದಲೇ ನಿಶಾನೆಯ ಕೆಳಗಿನ ಜಾಗಕ್ಕೆ ಫೋಕಸ್ ಮಾಡಿ, ಆಟೋ ಫೋಕಸ್ ಆಫ್ ಮಾಡಿ, ಶಟರ್ 1/1250 ಸೆಕೆಂಡಿಗೆ ಇಡಿ. ನೀರಿನ ಹನಿ ಹನಿಯೂ ಬಿಡಿಬಿಡಿಯಾಗಿ ನಿಲ್ಲುತ್ತದೆ. ಹಿಂದಿನ ಜನರ ಗುಂಪು, ಬ್ಯಾನರು, ಐಸ್‌ಕ್ರೀಮ್ ಗಾಡಿ ಇವೆಲ್ಲ ಎಫ್ 2ರಲ್ಲಿ ಕರಗಿಹೋಗುತ್ತವೆ. ಇದೇ ಚಿತ್ರವನ್ನು ಝೂಮ್‌ನಲ್ಲೂ ತೆಗೆಯಬಹುದು, ತೆಗೆದಿದ್ದೇನೆ. ಆ ಬ್ಯಾನರಿನ ಅಕ್ಷರ ಓದಲು ಬರುತ್ತದೆ, ನನಗೆ ಅದು ಸಹಿಸುವುದಿಲ್ಲ.

ಇನ್ನು ಬೆಳಕು. ಕಂಬಳ ಬೆಳಿಗ್ಗೆ ಶುರುವಾಗಿ ಮರುದಿನ ಬೆಳಿಗ್ಗೆಯವರೆಗೂ ಎಳೆಯುತ್ತದೆ, ಫೈನಲ್‌ಗಳು ಹೆಚ್ಚಾಗಿ ರಾತ್ರಿ ಕಳೆದ ಮೇಲೆ. ಫ್ಲಡ್‌ಲೈಟ್ ಕೆಳಗೆ 1/800, ಎಫ್ 2.8 ಇಟ್ಟಾಗ ಐಎಸ್‌ಒ 6400 ಬೇಕಾಗುತ್ತದೆ ಎಂದುಕೊಳ್ಳಿ. ಐಎಸ್‌ಒ ಎಂದರೆ ಕ್ಯಾಮೆರಾ ಬೆಳಕನ್ನು ಹಿಗ್ಗಿಸುವ ಅಳತೆ, ಹೆಚ್ಚಾದಷ್ಟು ಚಿತ್ರದಲ್ಲಿ ನಾಯ್ಸ್, ಅಂದರೆ ಕಾಳು ಕಾಳು ಚುಕ್ಕೆ. ಎಫ್ 4 ಲೆನ್ಸಾದರೆ ಅದೇ 12800. ಎಫ್ 5.6 ಆದರೆ 25600. ದೂರ ಎಳೆಯುತ್ತದೆ, ರೇಟೂ ಕಡಿಮೆ ಎಂದು 150-600 ತೆಗೆದುಕೊಂಡವರು ಹಗಲಿಡೀ ಖುಷಿಯಲ್ಲಿರುತ್ತಾರೆ. ಅದರ 600ರ ತುದಿ ಎಫ್ 6.3. ಕಪ್ಪು ಕೋಣ, ಕಪ್ಪು ಕೆಸರು, ಹಿಂದೆ ಕತ್ತಲೆ, ಅದರ ಮೇಲೆ ಅಷ್ಟು ನಾಯ್ಸ್ ಬಂದರೆ ಕೋಣದ ಮೈಯ ಹೊಳಪೇ ಹೋಗುತ್ತದೆ. ಎಣ್ಣೆ ಹಚ್ಚಿ ತಿಕ್ಕಿ ಮಗುವಿನಂತೆ ಸಾಕಿದ ಆ ಮೈಯನ್ನು ಹಾಗೆ ತೋರಿಸಲು ನನಗೆ ಮನಸ್ಸು ಬರುವುದಿಲ್ಲ. ಹಾಗೆಂದು ಫ್ಲ್ಯಾಶ್ ಹಾಕಬೇಡಿ, ಓಡುವ ಪ್ರಾಣಿಯ ಕಣ್ಣಿಗೆ ಬೆಳಕು ಹೊಡೆಯುವುದು ತಪ್ಪು. ಬಾಡಿಯಲ್ಲಿ ಆ್ಯಂಟಿ ಫ್ಲಿಕರ್ (ದೀಪದ ಮಿನುಗಿಗೆ ಹೊಂದಿಕೊಳ್ಳುವ ಸೆಟ್ಟಿಂಗ್) ಇದ್ದರೆ ಆನ್ ಮಾಡಿ, ಇಲ್ಲದಿದ್ದರೆ ಒಂದು ಫ್ರೇಮ್ ಬೆಳಕು ಇನ್ನೊಂದು ಮಬ್ಬು ಬರುತ್ತದೆ.

ಕೆಸರಿನ ಬಗ್ಗೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. 100-400, 150-600 ತರಹದ ಝೂಮ್‌ಗಳು ತಿರುಗಿಸಿದಾಗ ಉದ್ದ ಆಗುತ್ತವೆ. ಹೊರಬಂದ ಕೊಳವೆಯ ಮೇಲೆ ಕೆಸರಿನ ಹನಿ ಬಿದ್ದು, ಒರೆಸದೆ ಒಳಗೆ ತಳ್ಳಿದಿರೋ, ಮರಳಿನ ಕಣ ಒಳಗೆ ಹೋಗಿ ರಿಂಗ್ ಕರಕರ ಎನ್ನುತ್ತದೆ. ಕ್ಯಾನನ್ ಇಎಫ್ 70-200 ಎಫ್ 2.8ರಂಥವು ಒಳಗೊಳಗೇ ಝೂಮ್ ಆಗುತ್ತವೆ, ಉದ್ದ ಬದಲಾಗುವುದಿಲ್ಲ. ಕೊಳ್ಳುವ ಮೊದಲು ಕೈಯಲ್ಲಿ ತಿರುಗಿಸಿ ನೋಡಿ. ಈ ವಿಷಯದಲ್ಲಿ ಪ್ರೈಮ್‌ಗೆ ತೊಂದರೆಯೇ ಇಲ್ಲ.

ಭಾರ: 70-200 ಎಫ್ 2.8 ಒಂದೂವರೆ ಕೆಜಿ ಆಸುಪಾಸು, ಹಳೆಯ ಕ್ಯಾನನ್ 300 ಎಫ್ 4 ಅದಕ್ಕಿಂತ ಹಗುರ, 300 ಎಫ್ 2.8 ಎರಡನೇ ಆವೃತ್ತಿ ಎರಡೂಕಾಲು ಕೆಜಿ ಮೀರುತ್ತದೆ. ಸಿಗ್ಮಾ 120-300 ಎಫ್ 2.8 ಸ್ಪೋರ್ಟ್ಸ್ ಮೂರು ಕೆಜಿಗೂ ಹೆಚ್ಚು. ಮೊನೊಪಾಡ್, ಅಂದರೆ ಒಂಟಿ ಕಾಲಿನ ಸ್ಟ್ಯಾಂಡ್, ಬೇಕೇ ಬೇಕು. ಅದರ ಬುಡ ಕೆಸರಿಗೆ ಇಳಿಯದಂತೆ ಒಂದು ತೆಂಗಿನ ಗೆರಟೆಯೊಳಗೆ ಇಡಿ.

ಬೇರೆ ಆಟಗಳಿಗೂ ಇದೇ ಲೆಕ್ಕ. ಕ್ರಿಕೆಟ್‌ನಲ್ಲಿ ಬೌಂಡರಿ ಹೊರಗೆ ಕೂತವನಿಗೆ ಪಿಚ್ ಎಲ್ಲಿಗೂ ಹೋಗುವುದಿಲ್ಲ, ಅಲ್ಲಿ 400ಕ್ಕಿಂತ ಮೇಲಿನ ಪ್ರೈಮ್‌ಗೇ ಮರ್ಯಾದೆ. ಒಳಾಂಗಣದ ಕಬಡ್ಡಿಗೆ ಅಂಕಣದ ಹಿಂದೆ ಮೂರು ಮೀಟರ್ ಬಿಟ್ಟು ಕೂತರೆ ಬಾಕ್ ಲೈನ್ ದಾಟಿದ ರೈಡರ್ ಆರು ಮೀಟರ್ ದೂರದಲ್ಲಿರುತ್ತಾನೆ, ಅಲ್ಲಿ 85 ಎಂಎಂ ಎಫ್ 1.8 ಸಾಕು, ದುಡ್ಡೂ ಉಳಿಯುತ್ತದೆ. ಹಾಕಿ, ಫುಟ್‌ಬಾಲ್‌ಗೆ ಎರಡು ಬಾಡಿಗೆ ಎರಡು ಲೆನ್ಸ್ ಹಾಕಿಕೊಂಡವನೇ ಬದುಕಿದ, ಆಟ ಒಮ್ಮೆ ದೂರ ಒಮ್ಮೆ ಹತ್ತಿರ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊಬೈಲ್ ಟಾರ್ಚನ್ನು ಲೆನ್ಸಿನ ಹಿಂದಿನಿಂದ ಹಾಯಿಸಿ ನೋಡಿ. ನಮ್ಮ ಕರಾವಳಿಯ ಥಂಡಿಗೆ ಒಳಗೆ ಬಲೆ ಕಟ್ಟಿದಂತೆ ಫಂಗಸ್ ಹಿಡಿದಿರುತ್ತದೆ. ನೂಲಿನೆಳೆಯಷ್ಟು ಕಂಡರೂ ಬಿಟ್ಟು ಬನ್ನಿ.

ಇಷ್ಟಾದರೂ ತೀರ್ಮಾನ ಆಗದಿದ್ದರೆ ಗೆಳೆಯನ 70-200 ಒಂದು ದಿನಕ್ಕೆ ಕೇಳಿ ತನ್ನಿ. ಮಧ್ಯಾಹ್ನದವರೆಗೆ ಹೇಗೆ ಬೇಕೋ ಹಾಗೆ ತೆಗೆಯಿರಿ. ಊಟ ಆದ ಮೇಲೆ ಝೂಮ್ ರಿಂಗನ್ನು 200ಕ್ಕೆ ತಿರುಗಿಸಿ, ಎಲೆಕ್ಟ್ರಿಷಿಯನ್‌ಗಳ ಕಪ್ಪು ಟೇಪ್ ಸುತ್ತಿಬಿಡಿ. ಈಗ ಅದು ಪ್ರೈಮ್. ಕರೆಯ ಬದಿಯಲ್ಲಿ ಜಾಗ ಹುಡುಕಿ, ಒಂದು ಬಿಂದು ಆರಿಸಿ, ಕೋಣ ಅಲ್ಲಿಗೆ ಬರುವವರೆಗೆ ಕಾಯಿರಿ. ಮನೆಗೆ ಬಂದು ಫೋಟೊ ಸಾಫ್ಟ್‌ವೇರ್ ಆದ ಲೈಟ್‌ರೂಮ್‌ನ ಮೆಟಾಡೇಟಾ ಫಿಲ್ಟರಿನಲ್ಲಿ ಬೆಳಗಿನ ಚಿತ್ರಗಳ ಫೋಕಲ್ ಲೆಂತ್ ನೋಡಿ. ನೀವು ಇಟ್ಟುಕೊಳ್ಳಬೇಕೆಂದ ಚಿತ್ರಗಳಲ್ಲಿ ಮುಕ್ಕಾಲು ಪಾಲು 200ರಲ್ಲೇ ಇದ್ದು, ಟೇಪ್ ಸುತ್ತಿದ ಮೇಲಿನವೂ ಮನಸ್ಸಿಗೆ ಬಂದಿದ್ದರೆ ನೀವು ಪ್ರೈಮ್‌ನವರು, ಮುಂದಿನ ಕಂಬಳಕ್ಕೆ ಮುಂಚೆ ಒಂದು ಹಳೆಯ 300 ಹುಡುಕಿ. ಚಿತ್ರಗಳು 80, 110, 160 ಎಂದು ಹರಡಿಕೊಂಡಿದ್ದರೆ ಟೇಪ್ ಕಿತ್ತು, ರಿಂಗಿನ ಅಂಟನ್ನು ಒರೆಸಿ ಗೆಳೆಯನಿಗೆ ವಾಪಸು ಕೊಡಿ, ನಿಮ್ಮದೇ 70-200ಕ್ಕೆ ದುಡ್ಡು ಕೂಡಿಸಲು ಶುರು ಮಾಡಿ.