ಒಗ್ಗರಣೆ ವಾಸನೆಯ ಜಾಕೆಟ್ಟು

ಮರದ ಮೇಲೆ ಅಟ್ಟಣೆ ಕಟ್ಟಿ ಪ್ರಾಣಿ ಬರುವುದನ್ನು ಕಾಯುವುದಕ್ಕೆ ನಮ್ಮ ಮಲೆನಾಡಲ್ಲಿ ಹಿಂದಿನವರು ಮರಸು ಕೂರುವುದು ಅನ್ನುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಅಲ್ಲಿ ಬೇಟೆ ಅಪರಾಧ. ನಾನು ಅದನ್ನು ಕಥೆಯಲ್ಲಿ ಕೇಳಿದ್ದೆನಷ್ಟೆ. ನಲವತ್ತು ದಾಟಿದ ಮೇಲೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಕಿಕಾಪೂ ಹೊಳೆಯ ಪಕ್ಕದ ಗುಡ್ಡದಲ್ಲಿ ಜಿಂಕೆ ಬೇಟೆಗೆ ಬಿಲ್ಲು ಹಿಡಿದು ಓಕ್ ಮರ ಹತ್ತಿದೆ. ಲೈಸೆನ್ಸ್ ಇತ್ತು, ಸುರಕ್ಷತಾ ತರಬೇತಿಯ ಸರ್ಟಿಫಿಕೇಟೂ ಇತ್ತು. 1973ರಿಂದೀಚೆಗೆ ಹುಟ್ಟಿದವರಿಗೆ ಇಲ್ಲಿ ಅದು ಕಡ್ಡಾಯ. ಇಲ್ಲದ್ದು ತಿಳಿವಳಿಕೆ.

ಮೊದಲೆರಡು ವರ್ಷ ನಾನು ಕೂತದ್ದು ಸ್ಕ್ರೇಪ್ ಎದುರಿಗೇ. ವೈಟ್‌ಟೇಲ್ ಗಂಡು ಜಿಂಕೆ ಮುಂಗಾಲಿನಿಂದ ತರಗೆಲೆ ಕೆದರಿ, ಮಣ್ಣು ಕಾಣುವ ಹಾಗೆ ಮಾಡಿ, ಅದರ ಮೇಲೆ ಉಚ್ಚೆ ಹೊಯ್ಯುತ್ತದೆ. ಅದೇ ಸ್ಕ್ರೇಪ್. ಹಸಿ ಮಣ್ಣು, ಗೊರಸಿನ ಗುರುತು, ಘಾಟು ಎಲ್ಲ ನೋಡಿ ‘ಇವತ್ತು ಬಂದೇ ಬರುತ್ತದೆ’ ಅಂತ ಕೂರುತ್ತಿದ್ದೆ. ಬರಲಿಲ್ಲ. ಎರಡನೇ ವರ್ಷದ ಕೊನೆಗೆ ಅಲ್ಲೊಂದು ಕ್ಯಾಮೆರಾ ಕಟ್ಟಿದೆ. ಒಂದಲ್ಲ, ಐದು ಬೇರೆ ಬೇರೆ ಗಂಡುಗಳು ಬಂದು ಹೋಗಿದ್ದವು, ಹೆಚ್ಚುಕಮ್ಮಿ ಎಲ್ಲವೂ ರಾತ್ರಿ ಹನ್ನೊಂದರಿಂದ ನಾಲ್ಕರ ನಡುವೆ. ಕತ್ತಲಲ್ಲಿ ಬಾಣ ಬಿಡುವಂತಿಲ್ಲ. ಅಂದರೆ ಖಾಲಿ ಬಸ್‌ಸ್ಟ್ಯಾಂಡಿನಲ್ಲಿ ಎರಡು ವರ್ಷ ಕಾದಿದ್ದೆ.

ಆ ಚಳಿಗಾಲ ಪೂರ್ತಿ ವಿಡಿಯೊಗಳನ್ನೇ ನೋಡಿದೆ. ನಾನು ನೆಲ ನೋಡುತ್ತಿದ್ದೆ, ಅವು ಮೇಲೆ ನೋಡುತ್ತಿದ್ದವು. ಸ್ಕ್ರೇಪಿನ ಮೇಲೆ ಮುಖದ ಎತ್ತರಕ್ಕೆ ಒಂದು ಕೊಂಬೆ ಬಾಗಿರುತ್ತದೆ. ಬಂದ ಜಿಂಕೆ ಮೊದಲು ಅದನ್ನು ಮೂಸಿ, ಬಾಯಲ್ಲಿ ಚೀಪಿ, ಹಣೆಗೂ ಕಣ್ಣಿನ ಮೂಲೆಗೂ ಉಜ್ಜಿಕೊಳ್ಳುತ್ತದೆ. ರಾಣೆಬೆನ್ನೂರಿನ ಕೃಷ್ಣಮೃಗ ಕಣ್ಣಿನ ಬಳಿಯ ಗ್ರಂಥಿಯನ್ನು ಹುಲ್ಲುಕಡ್ಡಿಗೆ ಒತ್ತಿ ಹೋಗುತ್ತದಲ್ಲ, ಅದೇ ಬಗೆಯ ಕೆಲಸ. ಆಮೇಲೆ ನೆಲ ಕೆದರಿ, ಹಿಂಗಾಲಿನ ಮಂಡಿಗಳನ್ನು ಒಂದಕ್ಕೊಂದು ತಾಗಿಸಿ, ಅಲ್ಲಿನ ಕೂದಲ ಕುಚ್ಚಿನ ಮೇಲೆ ಉಚ್ಚೆ ಹರಿಯುವಂತೆ ನಿಲ್ಲುತ್ತದೆ. ಆ ಕುಚ್ಚಿನ ಜಿಡ್ಡಿನಲ್ಲಿ ಬ್ಯಾಕ್ಟೀರಿಯಾ ಸೇರಿ ಒಂದೊಂದಕ್ಕೂ ಅದರದೇ ವಾಸನೆ ಕಟ್ಟುತ್ತದೆ. ನವೆಂಬರ್ ಹೊತ್ತಿಗೆ ದೊಡ್ಡ ಗಂಡುಗಳ ಕುಚ್ಚು ಕಪ್ಪಾಗಿರುತ್ತದೆ. ಮರು ಬೇಸಿಗೆಯಲ್ಲೂ ಕೊಂಬೆ ಮೂಸಲು ಬರುತ್ತಿದ್ದವು, ಹೆಣ್ಣುಗಳೂ ಸೇರಿ. ಊರ ಕಟ್ಟೆ ಇದ್ದ ಹಾಗೆ: ಯಾರು ಬಂದರು, ಯಾರು ಹೋದರು ಎಲ್ಲ ಅಲ್ಲೇ ಗೊತ್ತಾಗುತ್ತದೆ.

ಹಗಲಲ್ಲಿ ಒಮ್ಮೊಮ್ಮೆ ಗಂಡು ಸ್ಕ್ರೇಪಿನ ಹತ್ತಿರಕ್ಕೇ ಬರುತ್ತಿರಲಿಲ್ಲ. ಗಾಳಿ ಹೋಗುವ ದಿಕ್ಕಿನಲ್ಲಿ ಮೂವತ್ತು, ನಲವತ್ತು ಗಜ ದೂರದಲ್ಲಿ ದಾಟುತ್ತಿತ್ತು. ವಾಸನೆ ಅಲ್ಲಿಗೇ ಬರುತ್ತಿರುವಾಗ ಬಯಲಿಗೆ ಬಂದು ನಿಲ್ಲುವ ದರ್ದು ಅದಕ್ಕೇನು? ಆ ದಾರಿಯಲ್ಲೇ, ಆ ಗಾಳಿಯಲ್ಲೇ ನನ್ನ ವಾಸನೆಯೂ ಅದಕ್ಕೆ ಸಿಗುತ್ತಿತ್ತು.

ನನ್ನ ವಾಸನೆ ಅಂದರೆ ಬೆವರಷ್ಟೇ ಅಲ್ಲ. ಬೇಟೆಯ ಜಾಕೆಟ್ಟು ಅಡುಗೆಮನೆ ಪಕ್ಕದ ಗೂಟದಲ್ಲಿ ನೇತಾಡುತ್ತಿತ್ತು. ದಿನಾ ಎರಡು ಹೊತ್ತು ಇಂಗು, ಸಾಸಿವೆ, ಕರಿಬೇವಿನ ಒಗ್ಗರಣೆ. ‘ನಿಮ್ಮ ಜಿಂಕೆ ಸಾರಿಗೆ ಕಾಯ್ತಾ ಇರ್ಬೇಕು’ ಅಂತ ಹೆಂಡತಿ ನಕ್ಕಳು. ಬಟ್ಟೆಯನ್ನು ಗ್ಯಾರೇಜಿಗೆ, ಮುಚ್ಚಳದ ಡಬ್ಬಕ್ಕೆ ಸಾಗಿಸಿದೆ. ಸುವಾಸನೆಯಿಲ್ಲದ ಸೋಪು ತಂದೆ. ಅದರಿಂದ ಸ್ವಲ್ಪ ಕಡಿಮೆಯಾದೀತು, ಅಷ್ಟೆ. ವಾಸನೆಯನ್ನೇ ಅಳಿಸುತ್ತೇವೆ ಎನ್ನುವ ದುಬಾರಿ ಸ್ಪ್ರೇಗಳಲ್ಲಿ ನನಗೆ ನಂಬಿಕೆಯಿಲ್ಲ. ಗಾಳಿಯನ್ನು ಮಾತ್ರ ನಂಬುತ್ತೇನೆ.

ಗಾಳಿ ನೋಡಲು ಮಿಲ್ಕ್‌ವೀಡ್ ಗಿಡದ ಬೀಜದ ಹತ್ತಿ ಜೇಬಿನಲ್ಲಿರುತ್ತದೆ. ನಮ್ಮ ಎಕ್ಕದ ನೆಂಟ ಅದು. ಚಿಕ್ಕಂದಿನಲ್ಲಿ ಊದಿ ಹಾರಿಸುತ್ತಿದ್ದ ಎಕ್ಕದ ಹತ್ತಿಯ ಹಾಗೇ ತೇಲುತ್ತದೆ. ಬಿಸಿಲೇರಿದಾಗ ಇಳಿಜಾರಿನ ಗಾಳಿ ಮೇಲಕ್ಕೆ ಹೋಗುತ್ತದೆ, ಸಂಜೆ ತಣ್ಣಗಾದಂತೆ ಹಳ್ಳಕ್ಕೆ ಜಾರುತ್ತದೆ. ಆದ್ದರಿಂದ ಬೆಳಗಿನ ಮರ ಬೇರೆ, ಸಂಜೆಯ ಮರ ಬೇರೆ.

ಮೂರನೇ ವರ್ಷ ಸ್ಕ್ರೇಪು ಬಿಟ್ಟೆ. ಹೆಣ್ಣುಗಳು ಮಲಗುವ ಪೊದೆಗೂ ಆ ಸ್ಕ್ರೇಪಿಗೂ ನಡುವೆ, ಗಂಡು ವಾಸನೆ ಹಿಡಿಯಲು ಬಳಸುವ ದಾರಿಯ ಆಚೆ ಬದಿಗೆ ಸ್ಟ್ಯಾಂಡ್, ಅಂದರೆ ಕೂರುವ ಅಟ್ಟಣೆ, ಕಟ್ಟಿದೆ. ಇಲ್ಲಿ ಬೆದೆಗಾಲದ ಬಿಸಿ ನವೆಂಬರ್ ಮೊದಲ ಎರಡು ವಾರ. ಹಗಲು ಕುಗ್ಗುವುದೇ ಅದಕ್ಕೆ ಸೂಚನೆ, ಚಳಿಯಲ್ಲ. ಒಂದು ಹೆಣ್ಣು ಗಂಡಿಗೆ ಒಪ್ಪುವುದು ಒಂದೆರಡು ದಿನ ಮಾತ್ರ, ಹಾಗಾಗಿ ಗಂಡುಗಳು ಹಗಲು ರಾತ್ರಿ ನೋಡದೆ ಹುಡುಕುತ್ತವೆ. ಗಂಡನ್ನು ಸೆಳೆಯಲೆಂದು ಮಾರುವ ಜಿಂಕೆ ಉಚ್ಚೆಯ ಬಾಟಲಿ ಕೊಳ್ಳಲಿಲ್ಲ. ಜಿಂಕೆಗಳನ್ನು ಸಾಯಿಸುವ ಸಿಡಬ್ಲ್ಯೂಡಿ ಎಂಬ ಮಿದುಳಿನ ರೋಗದ ಪ್ರಿಯಾನ್ (ರೋಗ ಹರಡುವ ಕೆಟ್ಟ ಪ್ರೋಟೀನ್) ಉಚ್ಚೆಯಲ್ಲೂ ಇರಬಹುದೆಂದು ಕೆಲವು ರಾಜ್ಯಗಳು ಅದನ್ನು ನಿಷೇಧಿಸಿವೆ. ಈ ರಾಜ್ಯದಲ್ಲಿ ಆ ರೋಗ 2002ರಲ್ಲೇ ಕಾಣಿಸಿತು.

ಬೆಳಿಗ್ಗೆ ಒಂಬತ್ತೂವರೆ. ಮೂಗು ಮುಂದಕ್ಕೆ ಚಾಚಿ, ಮೇಲ್ದುಟಿ ಸುರುಟಿ ನಿಂತ, ಎಂಟು ಕವಲು ಕೊಂಬಿನ ಗಂಡು. ವಾಸನೆಯನ್ನು ಬಾಯೊಳಗೆಳೆದು ಪರೀಕ್ಷಿಸುವಾಗ ಅದು ಹಾಗೆ ನಿಲ್ಲುತ್ತದೆ, ಬೆದೆಗೆ ಬಂದ ಆಡಿನ ಹಿಂದೆ ಹೋತ ನಿಲ್ಲುವ ಹಾಗೆ. ಹದಿನೆಂಟು ಗಜ. ಸ್ಕ್ರೇಪಿನ ಕಡೆ ತಿರುಗಿಯೂ ನೋಡಲಿಲ್ಲ. ಬಾಣ ಬಿಟ್ಟ ಮೇಲೆ ಅರವತ್ತು ಹೆಜ್ಜೆ ಓಡಿ ಬಿತ್ತು.

ಸುಲಿಯುವಾಗ ಮಂಡಿಯ ಕುಚ್ಚನ್ನು ಮುಟ್ಟಿದ ಚಾಕು ಮಾಂಸಕ್ಕೆ ತಾಗಬಾರದು, ಆ ಘಾಟು ಬಿಡುವುದಿಲ್ಲ. ತಲೆಯನ್ನು ಸಿಡಬ್ಲ್ಯೂಡಿ ಪರೀಕ್ಷೆಯ ಡಬ್ಬಿಗೆ ಹಾಕಿ ಬಂದೆ. ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರಿನಲ್ಲಿತ್ತು. ರೋಗವಿಲ್ಲ ಎಂಬ ಮೇಲ್ ಬಂದ ಸಂಜೆ ಹೆಂಡತಿ ಕಾಳುಮೆಣಸು ಹುರಿದಳು. ಜಾಕೆಟ್ಟು ಗ್ಯಾರೇಜಿನಲ್ಲೇ ಇತ್ತು.